ಆಶಾರಾಣಿ ಹುಡುಕುತ್ತಿರುವ ಬಾವಿ

ಶಂಭುಲಿಂಗಪ್ಪ ಮೇಷ್ಟ್ರು ಆಶಾರಾಣಿಯನ್ನು ಮೊದಲು ಕಂಡದ್ದು ತಮ್ಮೂರಿನ ಪಂಪ್‌ಮನೆಯಲ್ಲಿ. ತಲಕಾಡಿನ ದಾರಿಯ ಆ ಊರಿಗೆ ಕುಡಿಯುವ ನೀರು ಏರುವುದು ಹೊಳೆದಂಡೆಯ ಆ ಬಾವಿಯಿಂದಲೇ. ಬೆಳಗಿನ ತಿರುಗಾಟಕ್ಕೆ ಹೋದವರು ಇಣುಕಿದರೆ, ಸ್ಟಾರ್ಟರಿನ ಪಕ್ಕ ಚಕ್ಕಳಮಕ್ಕಳ ಹಾಕಿ ಕುಳಿತ ಹುಡುಗಿಯೊಬ್ಬಳು ಊಟದ ಡಬ್ಬಿಯಷ್ಟಿದ್ದ ಪೆಟ್ಟಿಗೆಯೊಂದಕ್ಕೆ ತಂತಿ ಸೇರಿಸುತ್ತಿದ್ದಳು.

"ಇದರೊಳಗೊಂದು ವೆಬ್ ಸರ್ವರ್ ಇದೆ ಸಾರ್. ಮೊಬೈಲಿನಲ್ಲಿ ವಿಳಾಸ ಒತ್ತಿದರೆ ಈ ಪೆಟ್ಟಿಗೆಯೇ ಒಂದು ಪುಟ ಕಳಿಸುತ್ತೆ. ಮೋಟಾರನ್ನ ಮನೆಯಲ್ಲೇ ಕೂತು ನಿಲ್ಲಿಸಬಹುದು."

"ಅಂಗಾದ್ರೆ ನನ್ ಕೆಲ್ಸ ಓಯ್ತು ಅನ್ನಿ," ಎಂದ ನೀರುಗಂಟಿ ರಂಗನಾಯಕ. "ಇನ್ಮೇಲೆ ಡಬ್ಬಿಗೇ ಸಂಬಳ ಕೊಡಿ ಸಾ. ಬೀಡಿನೂ ಅದಕ್ಕೇ ಕೊಡ್ಸಿ."

ಮೂವರೂ ನಕ್ಕರು.

ಆಶಾರಾಣಿ ನಂಜನಗೂಡಿನವಳು. ಕಾರ್ಖಾನೆಯ ಕೆಲಸ ಬಿಟ್ಟು, ಮನೆಯ ಅಟ್ಟದ ಮೇಲೆ ಪೆಟ್ಟಿಗೆ ಕಟ್ಟಿ, ಒಳಗಿನ ಪುಟವನ್ನೂ ತಾನೇ ಬರೆದು, ಗುರುಪ್ರಸಾದ್ ಎಂಬ ಗುತ್ತಿಗೆದಾರನಿಗೆ ಕೊಡುತ್ತಿದ್ದಳು. ಅವನು ಊರೂರಿಗೆ ಮಾರುತ್ತಿದ್ದ. ಪುಟ ಅಚ್ಚಗನ್ನಡದಲ್ಲಿತ್ತು: ಮೋಟಾರು ‘ಓಡುತ್ತಿದೆ’, ಇಲ್ಲವೇ ‘ನಿಂತಿದೆ’. ಮೇಷ್ಟ್ರಿಗೆ ಅದು ಬಹಳ ಹಿಡಿಸಿತು.

ರಂಗನಾಯಕನದೊಂದು ರೂಢಿಯಿತ್ತು. ಬಾವಿಗೆ ಇಳಿಯುವ ಮುನ್ನ ಮೂರೂ ಫ್ಯೂಸು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುವನು. ಮೋಟಾರು ಓಡಿಸುವ ತ್ರೀ ಫೇಸ್ ಕರೆಂಟು ಯಾವಾಗ ಬರುವುದೆಂದು ಹೇಳುವಂತಿಲ್ಲ; ಫ್ಯೂಸು ಜೇಬಿನಲ್ಲಿದ್ದರೆ ಬಂದರೂ ಭಯವಿಲ್ಲ. ಆದರೆ ಅವನು ಕಿತ್ತಾಗಲೆಲ್ಲ ಪೆಟ್ಟಿಗೆಯು ‘ದೋಷ’ ಎಂದು ಊರಿನ ಮುಖ್ಯಸ್ಥರ ಮೊಬೈಲಿಗೆ ಸುದ್ದಿ ಕಳಿಸುತ್ತಿತ್ತು. ಅವರು ಗುರುಪ್ರಸಾದನನ್ನು ಬೈದರು. ಅವನು ಆಶಾರಾಣಿಯನ್ನು ಬೈದ.

"ರಂಗಣ್ಣ, ಇನ್ನು ಫ್ಯೂಸು ಕೀಳಬೇಡಿ," ಎಂದಳು ಅವಳು. "ಮೊಬೈಲಿನಲ್ಲಿ ನಿಲ್ಲಿಸಿ, ‘ನಿಂತಿದೆ’ ಅಂತ ನೋಡಿ ಇಳೀರಿ, ಅಷ್ಟೇ."

"ಆಗ್ಲಿ ಕಣವ್ವ. ಜೇಬು ಅರಿಯಾದಾದ್ರೂ ತಪ್ತದೆ."

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ, ಮೋಟಾರು ಓಡುತ್ತಿದ್ದಂತೆಯೇ ಕರೆಂಟು ಹೋಯಿತು. ಪೆಟ್ಟಿಗೆಯ ಬ್ಯಾಟರಿ ಬದಲಿಸಲು ಆಶಾರಾಣಿಯೂ ಬಂದಿದ್ದಳು. ಪಂಪಿನ ಹತ್ತಿರ ನೀರು ಸೋರುತ್ತಿದೆಯೆಂದು ರಂಗನಾಯಕ ಮೊಬೈಲಿನಲ್ಲಿ ನಿಲ್ಲಿಸುವ ಗುಂಡಿ ಒತ್ತಿ, ಮೊಬೈಲನ್ನು ತಿರುಗಾಟಕ್ಕೆ ಬಂದಿದ್ದ ಮೇಷ್ಟ್ರ ಕೈಗೆ ಕೊಟ್ಟು, ಬಾವಿಯೊಳಗೆ ಮೋಟಾರು ಕೂರಿಸಿದ್ದ ಕಟ್ಟೆಗೆ ಇಳಿದ. ಪುಟದಲ್ಲಿ ‘ನಿಂತಿದೆ’ ಎಂದಿತ್ತು.

ಕರೆಂಟು ಬಂತು. ಕೆಳಗಿನಿಂದ ಮೋಟಾರಿನ ಸದ್ದು ಎದ್ದಿತು, ಅದರ ಹಿಂದೆಯೇ ರಂಗನಾಯಕನ ಕೂಗು. ಆಶಾರಾಣಿ ಓಡಿಹೋಗಿ ಫ್ಯೂಸು ಕಿತ್ತಳು. ಮೇಷ್ಟ್ರ ಕೈಯಲ್ಲಿದ್ದ ಪುಟ ಆ ಹೊತ್ತಿಗೂ ‘ನಿಂತಿದೆ’ ಎಂದೇ ಹೇಳುತ್ತಿತ್ತು.

ಸ್ಟಾರ್ಟರಿನೊಳಗೆ ಕರೆಂಟು ಕೂಡಿಸಿ ಕಡಿಯುವ ಬಿಲ್ಲೆಗಳು ಕಾದು ಒಂದಕ್ಕೊಂದು ಅಂಟಿಕೊಂಡಿದ್ದವು. ಪೆಟ್ಟಿಗೆಯು ‘ನಿಲ್ಲು’ ಎಂದಿತೇ ಹೊರತು, ಮೋಟಾರಿಗೆ ಹೋಗುವ ದಾರಿ ನಿಜವಾಗಿ ಕಡಿಯಿತೇ ಎಂದು ನೋಡಲಿಲ್ಲ. ನೋಡುವ ಸಾಧನವನ್ನು ಅವಳು ಅದರಲ್ಲಿ ಇಟ್ಟೇ ಇರಲಿಲ್ಲ. ತಾನು ಕೊಟ್ಟ ಆಜ್ಞೆಯನ್ನೇ ಅದು ಪುಟದ ಮೇಲೆ ತೋರಿಸುತ್ತಿತ್ತು.

ರಂಗನಾಯಕನ ಜೀವ ಉಳಿಯಿತು. ತಿರುಗುವ ಪಂಪಿಗೆ ಸಿಕ್ಕಿದ ಬಲಗೈ ಮಣಿಕಟ್ಟಿನವರೆಗೆ ಹೋಯಿತು.

ಆಸ್ಪತ್ರೆಯಲ್ಲಿ ಅಳುತ್ತ ನಿಂತಿದ್ದ ಆಶಾರಾಣಿಯನ್ನು ಅವನೇ ಕರೆದು ಕೇಳಿದ: "ಅಳಬ್ಯಾಡ ಕಣವ್ವ. ಈ ಡಬ್ಬಿಯ ಇನ್ನೆಲ್ಲೆಲ್ಲಿ ಆಕಿದ್ದೀಯ, ಅದ ಏಳು ಮೊದ್ಲು."

ಅಂದಿನಿಂದ ಅವಳು ಹೊಸ ಪೆಟ್ಟಿಗೆ ಕಟ್ಟಲಿಲ್ಲ. ಕೊಟ್ಟ ಊರುಗಳಿಗೆಲ್ಲ ಹೋಗಿ, ಮೋಟಾರಿನ ದಾರಿ ಕಡಿದಿದೆಯೇ ಎಂದು ನೋಡುವ ಸಾಧನ ಕೂರಿಸಿದಳು. ಫ್ಯೂಸು ಕಿತ್ತೇ ಇಳಿಯಬೇಕೆಂದು ಕಂಡಕಂಡವರಿಗೆ ಹೇಳಿದಳು. ಒಂದು ಪೆಟ್ಟಿಗೆ ಮಾತ್ರ ಸಿಗಲಿಲ್ಲ.

"ಯಾವನೋ ತಗಂಡೋದ, ಮರ್ತೋಗದೆ. ಬಿಡವ್ವ ಅತ್ಲಾಗೆ," ಎಂದ ಗುರುಪ್ರಸಾದ್.

ಅದರ ಪುಟ ಈಗಲೂ ತೆರೆಯುತ್ತದೆ. ಕೊಂಡವರು ಪಾಸ್‌ವರ್ಡ್ ಬದಲಿಸಿದ್ದಾರೆ. ಅವಳು ನೋಡಬಹುದು, ಮುಟ್ಟುವಂತಿಲ್ಲ. ಊರಿನ ಹೆಸರು ಬರೆಯುವ ಜಾಗ ಖಾಲಿಯಿದೆ.

ಈಗ ಆಶಾರಾಣಿ ನಂಜನಗೂಡಿನಿಂದ ತಿರುಮಕೂಡಲಿನವರೆಗೆ, ಅಲ್ಲಿಂದ ಮೂಗೂರಿನ ಕಡೆಗೆ, ಪಂಪ್‌ಮನೆಯಿಂದ ಪಂಪ್‌ಮನೆಗೆ ಸ್ಕೂಟರಿನಲ್ಲಿ ಅಲೆಯುತ್ತಾಳೆ. ಹಿಂದೆ ರಂಗನಾಯಕ ಕೂತಿರುತ್ತಾನೆ. ಹೊಳೆಸಾಲಿನ ನೀರುಗಂಟಿಗಳೆಲ್ಲ ಅವನಿಗೆ ಗುರುತು.

ಮೊನ್ನೆ ಇಬ್ಬರೂ ಮೇಷ್ಟ್ರ ಜಗಲಿಯಲ್ಲಿ ಕಾಫಿಗೆ ಕುಳಿತಿದ್ದರು. ಅವಳ ಮೊಬೈಲಿನಲ್ಲಿ, ಆ ಸಿಗದ ಪೆಟ್ಟಿಗೆಯ ಪುಟದ ಮೇಲೆ ‘ಓಡುತ್ತಿದೆ’ ಎಂದಿದ್ದದ್ದು, ನೋಡುತ್ತಿದ್ದಂತೆಯೇ ‘ನಿಂತಿದೆ’ ಎಂದಾಯಿತು.

"ಈಗ ಯಾರೋ ಇದನ್ನ ನಂಬಿ ಬಾವಿಗೆ ಇಳೀತಿರಬಹುದು ಸಾರ್," ಎಂದಳು.

ರಂಗನಾಯಕ ಎಡಗೈಯಲ್ಲಿದ್ದ ಲೋಟವನ್ನು ಹಾಗೆಯೇ ಕೆಳಗಿಟ್ಟು ಎದ್ದ. "ನಡಿಯವ್ವ, ಆಚೆ ದಡ ಇನ್ನೂ ನೋಡಿಲ್ಲ."