ಮೂರು ಕೂಗಿನ ಅಡುಗೆ

ಕುಕ್ಕರ್ ರಿಪೇರಿ ಮಾಡುವವನಿಗೆ ಅಡುಗೆಯೂ ಬರುತ್ತದೆ ಎಂದು ಈ ಜನಕ್ಕೆ ಯಾರು ಹೇಳಿಕೊಟ್ಟರೋ ಎಂದು ಅವರು ದಿನಕ್ಕೊಮ್ಮೆಯಾದರೂ ಗೊಣಗುತ್ತಿದ್ದರು. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಅವರ ಅಂಗಡಿ. ನೆಟ್ಟಗೆ ನಿಂತರೆ ತಲೆ ತಾಗುತ್ತಿದ್ದುದರಿಂದ ಮೂವತ್ತೊಂದು ವರ್ಷ ಕೂತೇ ದುಡಿದಿದ್ದರು. ಗೋಡೆಗೆ ಹೊಡೆದ ಮೊಳೆಗಳಲ್ಲಿ ಬಳೆಗಳ ಹಾಗೆ ನೇತಾಡುವ ರಬ್ಬರ್ ಗ್ಯಾಸ್ಕೆಟ್ಟುಗಳು, ಬಿಸ್ಕತ್ತಿನ ಡಬ್ಬಿಯ ತುಂಬ ವಾಲ್ವುಗಳು, ಎದುರಿಗೆ ಒಂದು ಸಣ್ಣ ಗ್ಯಾಸ್ ಒಲೆ. ರಿಪೇರಿಯಾದ ಕುಕ್ಕರಿಗೆ ನೀರು ಹಾಕಿ, ಆ ಒಲೆಯ ಮೇಲೆ ಮೂರು ಸಲ ಕೂಗಿಸಿ ತೋರಿಸದೆ ಯಾರ ಕೈಗೂ ಕೊಡುತ್ತಿರಲಿಲ್ಲ. ಹಾಗಾಗಿ ಬೀದಿಯವರ ಬಾಯಲ್ಲಿ ಅವರು ‘ಮೂರು ಕೂಗಣ್ಣ’ ಆಗಿದ್ದರು. ಪಕ್ಕದ ಗಡಿಯಾರದ ಅಂಗಡಿಯವನು ಮಾತ್ರ, “ಕುಕ್ಕರ್ ಮೂರೇ ಸಲ ಕೂಗುತ್ತೆ. ಇವರದ್ದಕ್ಕೆ ಲೆಕ್ಕ ಇಲ್ಲ” ಎನ್ನುತ್ತಿದ್ದ.

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅಣ್ಣನಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ಆದರೆ ಅವರ ಪಾಡೂ ಅಷ್ಟು ಸುಲಭದ್ದಲ್ಲ. ಬರುವ ಹತ್ತು ಕುಕ್ಕರುಗಳಲ್ಲಿ ನಾಲ್ಕಕ್ಕೆ ಏನೂ ಆಗಿರುತ್ತಿರಲಿಲ್ಲ. “ಅನ್ನ ಉದುರುದುರಾಗಿ ಬರ್ತಿಲ್ಲ, ನೋಡಿ.” “ಅಮ್ಮ ಮಾಡ್ತಿದ್ದ ರುಚಿ ಬರ್ತಿಲ್ಲ, ವಾಲ್ವ್ ಹೋಗಿರಬೇಕು.” ಅಮ್ಮನ ರುಚಿಗೂ ವಾಲ್ವಿಗೂ ಎತ್ತಣ ಸಂಬಂಧ ಎಂದು ಅವರು ಕೇಳಿದರೆ ಗಿರಾಕಿಗಳು ಮುಖ ಸಪ್ಪಗೆ ಮಾಡಿಕೊಳ್ಳುತ್ತಿದ್ದರು.

ಅಂಥವರ ಪೈಕಿ ಅವರ ತಾಳ್ಮೆಯ ಕೊನೆಯ ಎಳೆಯನ್ನೂ ಕಿತ್ತವರು ಹೈಸ್ಕೂಲಿನ ಗಣಿತದ ಟೀಚರು. ಒಂದೇ ತಿಂಗಳಲ್ಲಿ ಆಕೆ ಐದು ಸಲ ಬಂದರು. ಐದು ಸಲವೂ ಅದೇ ಕುಕ್ಕರು, ಅದೇ ದೂರು.

“ಅಣ್ಣ, ನನ್ನ ಬೇಳೆ ಬೇಯ್ತಾನೇ ಇಲ್ಲ.”

ಮೊದಲ ಸಲ ಹಾಗೆಂದಾಗ ಗಡಿಯಾರದವನು ಭೂತಗನ್ನಡಿ ಕೆಳಗಿಟ್ಟು, “ನಮ್ಮ ಬೀದೀಲಿ ಯಾರದ್ದೂ ಬೇಯಲ್ಲ ಟೀಚರೇ” ಎಂದು ನಕ್ಕಿದ್ದ. ಅಣ್ಣ ಗ್ಯಾಸ್ಕೆಟ್ ಬದಲಾಯಿಸಿದರು. ಎರಡನೆಯ ಸಲ ಹಬೆ ಹೋಗುವ ತೂತಿಗೆ ಸೂಜಿ ಹಾಕಿ ಚೊಕ್ಕ ಮಾಡಿದರು. ಮೂರನೆಯ ಸಲ ವಾಲ್ವನ್ನೇ ತೆಗೆದು ಹೊಸದನ್ನು ಕೂರಿಸಿದರು. ನಾಲ್ಕನೆಯ ಸಲ ಏನೂ ಮಾಡಲಿಕ್ಕೆ ಉಳಿದಿರಲಿಲ್ಲವಾದ್ದರಿಂದ ಟೀಚರಿಂದಲೇ ಒಂದು ಹಿಡಿ ಬೇಳೆ ತರಿಸಿ, ಅಂಗಡಿಯ ಒಲೆಯ ಮೇಲೆ ಬೇಯಿಸಿ, ಚಮಚದ ಬೆನ್ನಿನಿಂದ ಒತ್ತಿ ತೋರಿಸಿದರು. ಬೇಳೆ ಬೆಣ್ಣೆಯಂತೆ ಕರಗಿತು. ಟೀಚರು ಒಪ್ಪಿಕೊಂಡು ಹೋದರು. ಎರಡು ದಿನ ಬಿಟ್ಟು ಮತ್ತೆ ಬಂದು ನಿಂತರು.

“ನಿಮ್ಮ ಅಂಗಡೀಲಿ ಬೇಯುತ್ತೆ. ನಮ್ಮನೇಲಿ ಬೇಯಲ್ಲ. ಅದಕ್ಕೇನಂತೀರಾ?”

ಅಣ್ಣ ಸ್ಕ್ರೂಡ್ರೈವರನ್ನು ಜೇಬಿಗೆ ಸಿಕ್ಕಿಸಿಕೊಂಡು, ಅಂಗಡಿಯ ಬಾಗಿಲೆಳೆದು, “ನಡೀರಿ, ನಿಮ್ಮನೇಗೇ ಹೋಗೋಣ” ಎಂದರು.

ಟೀಚರ ಮನೆ ಮೂರನೆಯ ಮಹಡಿಯಲ್ಲಿ. ಅಡುಗೆಮನೆ ಉದ್ದಕ್ಕಿದ್ದು, ಎರಡು ಕಡೆಯೂ ಬಾಗಿಲು: ಒಂದು ಊಟದ ಕೋಣೆಗೆ, ಇನ್ನೊಂದು ಬಟ್ಟೆ ಒಣಹಾಕುವ ಬಾಲ್ಕನಿಗೆ. ಅಣ್ಣ ಮೂಲೆಯಲ್ಲಿ ಒಂದು ಸ್ಟೂಲ್ ಹಾಕಿಕೊಂಡು ಕೂತು, “ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ. ನಾನಿಲ್ಲಿಲ್ಲ ಅಂದ್ಕೊಳ್ಳಿ” ಎಂದರು.

ಟೀಚರು ಬೇಳೆ ತೊಳೆದು, ನೀರು ಹಾಕಿ ಒಲೆಯ ಮೇಲಿಟ್ಟರು. ಅಷ್ಟರಲ್ಲಿ ಫೋನು ಬಂದಿದ್ದರಿಂದ ಹೊರಗೆ ಹೋದರು. ಆಗ ಬಾಲ್ಕನಿಯ ಬಾಗಿಲಿನಿಂದ ಆಕೆಯ ಅತ್ತೆ ಬಂದರು. ಅಣ್ಣನ ಕಡೆ ನೋಡಿ ಮುಗುಳ್ನಕ್ಕು, ಕುಕ್ಕರಿಗೆ ಅರ್ಧ ನಿಂಬೆಹಣ್ಣು ಹಿಂಡಿ, “ಅವಳಿಗೆ ಮರೆತುಹೋಗುತ್ತೆ ಪಾಪ” ಎಂದು ಪಿಸುಗುಟ್ಟಿ ಹೊರಟರು. ಅವರ ಸೆರಗು ಮರೆಯಾಗುತ್ತಿದ್ದಂತೆ ಊಟದ ಕೋಣೆಯ ಕಡೆಯಿಂದ ಟೀಚರ ಗಂಡ ಬಂದ. ಎರಡು ಟೊಮೇಟೊ ಹೆಚ್ಚಿ ಬೇಳೆಯೊಳಕ್ಕೆ ತಳ್ಳಿದ. “ಬೆಳಗ್ಗೆಯಿಂದ ಸ್ಕೂಲಲ್ಲಿ ಕೂಗಿ ಕೂಗಿ ಸುಸ್ತಾಗಿರ್ತಾಳೆ. ಕೈಲಾದಷ್ಟು ಸಹಾಯ” ಎಂದು ಕೈ ಒರೆಸಿಕೊಂಡು ಹೋದ. ಟೀಚರು ಫೋನಿನಲ್ಲಿ ಮಾತಾಡುತ್ತಲೇ ಒಳಬಂದು, ಕಣ್ಣು ಹಾಯಿಸದೆ ಮುಚ್ಚಳ ಹಾಕಿ ತಿರುಗಿಸಿದರು.

ಅಣ್ಣ ಎದ್ದು ನಿಂತರು. ಈ ಮನೆಯಲ್ಲಿ ತಲೆ ತಾಗುವ ಭಯವಿರಲಿಲ್ಲವಾದ್ದರಿಂದ ಪೂರಾ ಎದ್ದು ನಿಂತು, ಪೂರಾ ಗಂಟಲಿನಲ್ಲಿ ಕೂಗಿದರು.

“ಎಲ್ಲರೂ ಬನ್ನಿ ಇಲ್ಲಿ! ಎಲ್ರೂ!”

ಮೂವರೂ ಬಂದರು. ಅವರು ಮುಚ್ಚಳ ತೆಗೆದು ಒಳಗಿದ್ದುದನ್ನು ತೋರಿಸಿದರು. “ಹುಳಿ ಬಿದ್ದರೆ ಬೇಳೆ ಬೇಯಲ್ಲ. ಕಲ್ಲಾಗಿ ಕೂತ್ಕೊಳ್ಳುತ್ತೆ. ಒಂದು ಹುಳಿ ಸಾಲದು ಅಂತ ಎರಡು! ಮೂರು ಸಲ ಬಿಚ್ಚಿದೆ ನಾನು ಇದನ್ನ. ಕಾಯಿಲೆ ಕುಕ್ಕರಿಗಲ್ಲ ಸ್ವಾಮಿ, ಈ ಮನೆಯವರು ಒಬ್ಬರಿಗೊಬ್ಬರು ಹೇಳದೆ ಮಾಡೋ ಉಪಕಾರಕ್ಕೆ!”

ಅತ್ತೆ ಮಗನನ್ನು ನೋಡಿದರು. ಮಗ ನಿಂಬೆಹಣ್ಣಿನ ಸಿಪ್ಪೆಯನ್ನು ನೋಡಿದ. ಟೀಚರು ಇಬ್ಬರನ್ನೂ ನೋಡಿದರು. ಅಲ್ಲಿಂದ ಮುಂದಿನ ಮಾತುಕತೆಗೆ ಅಣ್ಣ ನಿಲ್ಲಲಿಲ್ಲ. ಕ್ಯಾಲೆಂಡರಿನ ಹಳೆಯ ಹಾಳೆಯ ಬೆನ್ನಿಗೆ, “ಮೊದಲು ಬೇಳೆ, ನೀರು ಮಾತ್ರ. ಮೂರು ಕೂಗು. ಹಬೆ ತಾನಾಗಿ ಇಳಿಯಲಿ. ಮಿಕ್ಕಿದ್ದೆಲ್ಲ ಆಮೇಲೆ” ಎಂದು ಬರೆದು ಒಲೆಯ ಪಕ್ಕ ಅಂಟಿಸಿ ಬಂದರು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಟೀಚರು ಮರುದಿನ ಸ್ಟಾಫ್‌ರೂಮಿನಲ್ಲಿ ಎಲ್ಲರಿಗೂ ಹೇಳಿದರು. ವಾರದೊಳಗೆ ಅಂಗಡಿಗೆ ಬರಿಗೈಯವರು ಬರತೊಡಗಿದರು. ಕುಕ್ಕರಿಲ್ಲ, ಮುಚ್ಚಳವಿಲ್ಲ, ಬರೀ ಪ್ರಶ್ನೆ. ಅನ್ನಕ್ಕೆ ನೀರೆಷ್ಟು? ಆಲೂಗಡ್ಡೆಗೆ ಎಷ್ಟು ಕೂಗು? ದಿನಾ ಆಫೀಸಿಂದ ಬಂದು ಮಾಡೋದಕ್ಕೆ ಸುಲಭವಾಗಿರೋದು ಏನಾದ್ರೂ ಹೇಳಿ ಅಣ್ಣ. ಬಿಗಿಯಾದ ತಿರುಪನ್ನು ಬಿಚ್ಚುವಾಗ ಯಾರೋ ಕ್ಯಾರೆಟ್ ವಿಷಯ ಕೇಳಿದ್ದಕ್ಕೆ ಸ್ಕ್ರೂಡ್ರೈವರ್ ಜಾರಿ ಅವರ ಹೆಬ್ಬೆರಳು ಕುಯ್ದುಹೋಯಿತು.

ತಲೆ ಚಿಟ್ಟು ಹಿಡಿದು ಅವರು ಒಂದು ದೊಡ್ಡ ರಟ್ಟು ತಂದರು. ಅದರ ಮೇಲೆ ದಪ್ಪ ಅಕ್ಷರದಲ್ಲಿ ನಾಲ್ಕು ಅಡುಗೆ ಬರೆದು ಬೀದಿಗೆ ಕಾಣುವಂತೆ ತೂಗುಹಾಕಿದರು. ಅನ್ನ: ಒಂದು ಲೋಟ ಅಕ್ಕಿ, ನಾಲ್ಕು ಲೋಟ ನೀರು. ಬೇಳೆ: ಬೇಯಿಸಿ, ಕಡೆದು, ಉಪ್ಪು. ಆಲೂಗಡ್ಡೆ: ಬೇಯಿಸಿ, ನುಣ್ಣಗೆ ಹಿಸುಕಿ, ಹಾಲು. ತರಕಾರಿ: ಎಲ್ಲ ಒಟ್ಟಿಗೆ ಹಾಕಿ, ಬೇಯಿಸಿ, ಮಸೆಯಿರಿ. ಎಲ್ಲದಕ್ಕೂ ಮೂರು ಕೂಗು. ಅಡಿಯಲ್ಲಿ, “ಎಲ್ಲ ನನ್ನ ಹೆಂಡತಿಯ ಕೈ ಅಡುಗೆ. ಇನ್ನು ಯಾರೂ ಏನೂ ಕೇಳಬೇಡಿ.” ಹೆಂಡತಿಯ ಅಡುಗೆಯನ್ನು ಮೂವತ್ತು ವರ್ಷದಿಂದ ಉಂಡವರು, ಅದನ್ನು ಬರೆಯುವುದೇನು ಮಹಾ ಎಂದುಕೊಂಡಿದ್ದರು. ಜನ ಫೋನಿನಲ್ಲಿ ಫೋಟೊ ಹಿಡಿದುಕೊಂಡರು, ಅಕ್ಕಂದಿರಿಗೆ ಕಳಿಸಿದರು, ನಾದಿನಿಯರಿಗೆ ಕಳಿಸಿದರು.

ಪ್ರಶ್ನೆಗಳು ನಿಂತವು. ಬೈಗುಳ ಶುರುವಾಯಿತು. “ಅದು ಅನ್ನ ಅಲ್ಲ ಅಣ್ಣ, ಅದರಲ್ಲಿ ಗೋಡೆಗೆ ಪೇಪರ್ ಅಂಟಿಸಬಹುದು.” “ನಮ್ಮನೆಯವರು ತಟ್ಟೆ ನೋಡಿ ಯಾರಿಗೆ ಹುಷಾರಿಲ್ಲ ಅಂತ ಕೇಳಿದ್ರು.” ನಡುವೆ ಒಬ್ಬ ಮುದುಕರು ಮಾತ್ರ ಕಟ್ಟಿಸಿದ ಹಲ್ಲನ್ನು ಜೇಬಿನಲ್ಲಿಟ್ಟುಕೊಂಡು ಬಂದು, “ಇಷ್ಟು ನೆಮ್ಮದಿಯಾಗಿ ಉಂಡು ಎಷ್ಟು ವರ್ಷ ಆಗಿತ್ತಪ್ಪ” ಎಂದು ಕೈ ಹಿಡಿದುಕೊಂಡರು. ಆ ಹೊಗಳಿಕೆ ಅಣ್ಣನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ರಟ್ಟಿನ ಫೋಟೊ ನಾಲ್ಕಾರು ಮನೆ ಸುತ್ತಿ ಅವರ ಹೆಂಡತಿಯ ತಂಗಿಯನ್ನು ತಲುಪಿತು. ತಂಗಿ ಅದನ್ನು ಅಕ್ಕನಿಗೇ ಕಳಿಸಿ, “ಇದು ನಿನ್ನ ಕೈ ಅಡುಗೆಯಂತೆ, ನಿಜವಾ?” ಎಂದು ಕೇಳಿದಳು. ಸಂಜೆ ಅಣ್ಣ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೆಂಡತಿ ಫೋನನ್ನು ಮುಖಕ್ಕೆ ಹಿಡಿದರು.

“ಏನ್ರೀ ಇದು?”

“ಜನ ಪ್ರಾಣ ತಿಂತಿದ್ರು. ನೀನು ಮಾಡೋದನ್ನೇ ಬರೆದೆ.”

“ನಾನು ಮಾಡೋದು? ಒಂದಕ್ಕೆ ನಾಲ್ಕು ನೀರು ಹಾಕಿ ನಾನು ಯಾವತ್ತು ಅನ್ನ ಮಾಡಿದ್ದೆ?”

“ನಾನೇ ಕಣ್ಣಾರೆ ನೋಡಿದೀನಿ. ಅಡುಗೆಮನೇಲೇ ಕೂತಿದ್ದೆ.”

ಹೆಂಡತಿ ಒಂದು ಗಳಿಗೆ ಯೋಚಿಸಿದರು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, ಒಳಗಿದ್ದ ಮಗಳಿಗೂ ಕೇಳಿಸುವಂತೆ ಹೇಳಿದರು. “ಹಲ್ಲು! ಎಂಟು ವರ್ಷದ ಹಿಂದೆ ಹಲ್ಲು ಕೀಳಿಸ್ಕೊಂಡು ಬಂದು ನಾಲ್ಕು ದಿನ ನನ್ನ ಅಡುಗೆಮನೇಲಿ ನರಳ್ತಾ ಕೂತಿದ್ರಲ್ಲ, ಅವಾಗ ನೋಡಿದ್ದು! ಅಗಿಯೋಕಾಗಲ್ಲ ಅಂತ ಎಲ್ಲಾ ಹಿಸುಕಿ ಹಿಸುಕಿ ಕೊಟ್ಟಿದ್ದೆ. ಮೂವತ್ತು ವರ್ಷದಲ್ಲಿ ನೀವು ನನ್ನ ಒಲೆ ಕಡೆ ನೋಡಿದ್ದು ಆ ನಾಲ್ಕೇ ದಿನ. ಊರಿಗೆಲ್ಲ ಪಥ್ಯ ಬರೆದು ನೇತುಹಾಕಿದೀರಾ, ಅದೂ ನನ್ನ ಹೆಸರಲ್ಲಿ!”

ಅಣ್ಣ ಬಗ್ಗಿ ಚಪ್ಪಲಿ ಬಿಡತೊಡಗಿದರು.

“ನಾಳೆಯಿಂದ ಒಂದು ವಾರ ಒಲೆ ನಿಮ್ಮದು,” ಎಂದರು ಹೆಂಡತಿ. “ಕಲಿತು ಬರೀರಿ.”

ಮೊದಲ ದಿನ ಅವರು ಸಂಜೆ ಅಂಗಡಿ ಬೇಗ ಮುಚ್ಚಿ ಬಂದು, ತೋಳು ಮಡಚಿ ಒಲೆಯ ಮುಂದೆ ನಿಂತರು. ಹೆಂಡತಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಊಟದ ಮೇಜಿನ ಹತ್ತಿರ ಕೂತು ಪುಸ್ತಕ ಓದುವವಳಂತೆ ನಟಿಸುತ್ತಿದ್ದಳು. ಕುಕ್ಕರ್ ಒಲೆಯೇರಿ ಹತ್ತು ನಿಮಿಷವಾಯಿತು, ಹದಿನೈದಾಯಿತು. ಕೂಗಲೇ ಇಲ್ಲ. ಮುಚ್ಚಳದ ಸುತ್ತಲಿಂದ ಬುಸುಬುಸು ಹಬೆ ಬಂದು ಅಣ್ಣನ ಕನ್ನಡಕ ಮಂಜಾಯಿತು. ತೊಳೆಯಲೆಂದು ತೆಗೆದಿದ್ದ ಗ್ಯಾಸ್ಕೆಟ್ಟನ್ನು ಅವರು ಸಿಂಕಿನಲ್ಲೇ ಬಿಟ್ಟಿದ್ದರು.

“ಅಪ್ಪ,” ಎಂದಳು ಮಗಳು ಪುಸ್ತಕದಿಂದ ತಲೆಯೆತ್ತದೆ, “ಯಾವುದಾದ್ರೂ ಒಳ್ಳೆ ರಿಪೇರಿಯವರಿಗೆ ತೋರಿಸೋಣ್ವಾ?”

ಎರಡನೆಯ ದಿನ ಈರುಳ್ಳಿಯ ಕಷ್ಟ. “ಎಷ್ಟೊತ್ತು ಹುರೀಬೇಕು?” ಎಂದು ಕೇಳಿದರೆ ಹೆಂಡತಿ “ಹಸಿ ವಾಸನೆ ಹೋಗೋವರೆಗೆ” ಎಂದರು. “ಹೋಯ್ತು ಅಂತ ಹೇಗೆ ಗೊತ್ತಾಗುತ್ತೆ?” “ಗೊತ್ತಾಗುತ್ತೆ.” “ಎಷ್ಟು ನಿಮಿಷ ಅಂತ ಹೇಳಬಾರದಾ?” “ಈರುಳ್ಳಿ ಗಡಿಯಾರ ನೋಡ್ಕೊಂಡು ಬೇಯುತ್ತಾ?” ಅವರಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಮೂವತ್ತು ವರ್ಷ ಪ್ರತಿಯೊಂದು ತಿರುಪಿಗೂ ಇಷ್ಟೇ ಸುತ್ತು ಎಂದು ಗೊತ್ತಿದ್ದ ಮನುಷ್ಯ, ಬಾಣಲೆಯ ಮೇಲೆ ಬಗ್ಗಿ ಮೂಸುತ್ತ ನಿಂತರು. ಒಂದು ಬದಿ ಹಸಿ, ಇನ್ನೊಂದು ಬದಿ ಕರಕಲು. ಅಂದು ಎಲ್ಲರೂ ಬ್ರೆಡ್ಡು ತಿಂದರು.

ನಾಲ್ಕನೆಯ ದಿನದ ಹೊತ್ತಿಗೆ ಹೆಂಡತಿಗೂ ಸಾಕಾಗಿತ್ತೋ ಏನೋ, ಹೊಸ್ತಿಲಿನಿಂದ ಎದ್ದು ಪಕ್ಕಕ್ಕೆ ಬಂದು ನಿಂತರು. ಅಕ್ಕಿಯನ್ನು ತೊಳೆದು ಇಪ್ಪತ್ತು ನಿಮಿಷ ನೆನೆಯಲು ಬಿಡಬೇಕು. ಒಂದಕ್ಕೆ ಎರಡು ನೀರು ಸಾಕು. ಒಲೆ ಆರಿಸಿದ ಮೇಲೆ ಮುಚ್ಚಳದ ತಂಟೆಗೆ ಹೋಗಬಾರದು. ಬೆಂದ ಆಲೂಗಡ್ಡೆಯನ್ನು ಚಾಕುವಿನಿಂದ ಹೆಚ್ಚಬಾರದು, ಕೈಯಲ್ಲೇ ಮುರಿಯಬೇಕು. ಮುರಿದ ಕಡೆ ಒರಟಾಗಿರುತ್ತದಲ್ಲ, ಅಲ್ಲೇ ಎಣ್ಣೆ ಹಿಡಿದು ಕೆಂಪಗಾಗುವುದು. ಬೇಳೆಗೆ ಬೆಳ್ಳುಳ್ಳಿಯನ್ನು ಜಜ್ಜಿ, ತಣ್ಣಗಿನ ಎಣ್ಣೆಯಲ್ಲೇ ಹಾಕಿ ನಿಧಾನ ಕಾಯಿಸಬೇಕು. ಕಾದ ಎಣ್ಣೆಗೆ ಹಾಕಿದರೆ ಹೊರಗೆ ಸುಟ್ಟು ಒಳಗೆ ಹಸಿಯಾಗಿರುತ್ತದೆ. ಇಷ್ಟನ್ನೂ ಆಕೆ ಬೈಯುತ್ತಲೇ ಹೇಳಿದರು. ಇವರು ಬೈಸಿಕೊಳ್ಳುತ್ತಲೇ ಕೇಳಿಸಿಕೊಂಡರು.

ಆ ದಿನ ಬಾಣಲೆಯಿಂದ ಒಂದು ವಾಸನೆ ಎದ್ದಿತು. ಅಣ್ಣ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. ದಿನಾ ಸಂಜೆ ಮೆಟ್ಟಿಲು ಹತ್ತುವಾಗ ಬಾಗಿಲ ಹೊರಗೇ ಬರುತ್ತಿದ್ದ ವಾಸನೆ ಅದು. ಅದನ್ನು ಅವರು ಮನೆಯ ವಾಸನೆ ಎಂದುಕೊಂಡಿದ್ದರೇ ಹೊರತು, ಯಾರೋ ಒಬ್ಬರು ಪ್ರತಿದಿನ ಬಗ್ಗಿ ನಿಂತು ಅದನ್ನು ಆಗುಮಾಡುತ್ತಾರೆ ಎಂದು ಯೋಚಿಸಿರಲಿಲ್ಲ.

“ಹೋಯ್ತು ಕಣೇ, ಹಸಿ ವಾಸನೆ ಹೋಯ್ತು!” ಎಂದು ಕೂಗಿದರು.

“ಗೊತ್ತಾಯ್ತಲ್ಲ. ಈಗ ಉರಿ ಸಣ್ಣ ಮಾಡಿ, ಇಲ್ದಿದ್ರೆ ಬೆಳ್ಳುಳ್ಳೀನೂ ಹೋಗುತ್ತೆ,” ಎಂದರು ಹೆಂಡತಿ.

ಮೂವರೂ ಅಂದು ಹೊಟ್ಟೆತುಂಬ ಉಂಡರು. ಮಗಳು ಎರಡನೆಯ ಸಲ ಬೇಳೆ ಹಾಕಿಸಿಕೊಂಡಳು. ಚೆನ್ನಾಗಿದೆ ಎಂದು ಯಾರೂ ಹೇಳಲಿಲ್ಲ. ಅಣ್ಣ ಕಾದರು. ತಟ್ಟೆ ಖಾಲಿಯಾಗುವವರೆಗೂ ಕಾದರು. ಕೊನೆಗೆ ತಾವೇ ಕೇಳಿದರು, “ಹೇಗಿತ್ತು?”

“ಮೂವತ್ತು ವರ್ಷದಲ್ಲಿ ನೀವೆಷ್ಟು ಸಲ ಹೇಳಿದ್ದೀರಿ, ಹೇಗಿತ್ತು ಅಂತ?” ಎಂದು ಕೇಳಿ ಹೆಂಡತಿ ತಟ್ಟೆ ಎತ್ತಿಕೊಂಡು ಹೋದರು.

ವಾರ ಮುಗಿದ ಮೇಲೆ ಹಳೆಯ ರಟ್ಟು ಇಳಿಯಿತು. ಹೊಸದನ್ನು ಹೆಂಡತಿ ಹೇಳಿ ಬರೆಸಿದರು, ಮಗಳು ಬರೆದಳು, ಅಣ್ಣನಿಗೆ ತೂಗುಹಾಕುವ ಕೆಲಸವಷ್ಟೇ ಸಿಕ್ಕಿತು. ಪ್ರಶ್ನೆ ಕೇಳುವವರು ಈಗಲೂ ಬರುತ್ತಾರೆ. ಅವರೂ ಈಗಲೂ ರೇಗುತ್ತಾರೆ. ಆದರೆ ರೇಗುತ್ತಲೇ, “ಬೆಳ್ಳುಳ್ಳಿ ತಣ್ಣಗಿರೋ ಎಣ್ಣೆಗೆ ಹಾಕಿದ್ರಾ, ಕಾದಿದ್ದಕ್ಕಾ?” ಎಂದು ತಿರುಗಿ ಕೇಳುತ್ತಾರೆ.

ಇದರಿಂದ ಹೈರಾಣಾದದ್ದು ಬೇರೆ ಯಾರೂ ಅಲ್ಲ, ಅವರ ಹೆಂಡತಿ. ಮೂವತ್ತು ವರ್ಷ ತಟ್ಟೆ ನೋಡದೆ, ಪೇಪರ್ ಓದುತ್ತ ಉಂಡೆದ್ದು ಹೋಗುತ್ತಿದ್ದ ಮನುಷ್ಯನಿಗೆ ಈಗ ನಾಲಗೆ ಬಂದಿತ್ತು.

“ಈರುಳ್ಳಿ ಇವತ್ತು ಸ್ವಲ್ಪ ಬೇಗ ಇಳಿಸಿದ್ಯಾ?” ಎಂದು ಒಂದು ಸಂಜೆ ಮೊದಲ ತುತ್ತಿಗೇ ಕೇಳಿದರು.

ಹೆಂಡತಿ ಸೌಟನ್ನು ಪಾತ್ರೆಯಲ್ಲಿ ಬಿಟ್ಟರು. ಬೇಗ ಇಳಿಸಿದ್ದು ನಿಜವಾಗಿತ್ತು. ಬಾಗಿಲಲ್ಲಿ ಯಾರೋ ಕರೆದಿದ್ದರು.

“ಹೌದ್ರೀ, ಇಳಿಸಿದೆ,” ಎಂದರು. “ಕಲಿಸಿ ಕೆಟ್ಟೆ ನಾನು. ಸುಮ್ನೆ ಊಟ ಮಾಡಿ.”

ಅವರು ಸುಮ್ಮನೆ ಊಟ ಮಾಡಲಿಲ್ಲ. “ಆದ್ರೂ ಚೆನ್ನಾಗಿದೆ” ಎಂದರು. ಆಕೆ ಕೇಳಿಸದವರಂತೆ ಅವರ ತಟ್ಟೆಗೆ ಇನ್ನೊಂದು ಸೌಟು ಬೇಳೆ ಬಡಿಸಿ, ಮಗಳ ಕಡೆ ತಿರುಗಿ, “ನೀನೇನು ನೋಡ್ತಿದೀಯಾ, ತಿನ್ನು” ಎಂದು ಗದರಿದರು.