ಚಪ್ಪಾಳೆ ತಟ್ಟಿ ಸ್ಪ್ರಿಂಗ್ ಆರಿಸುತ್ತಿದ್ದ ಸುಬೇದಾರರು

ಅವರ ಎಡಗೈ ಸದಾ ಪ್ಯಾಂಟಿನ ಜೇಬಿನಲ್ಲಿರುತ್ತಿತ್ತು. ವಾಲ್ವ್ ಆಂಪ್ಲಿಫೈಯರ್ ಬಿಚ್ಚಿದರೆ ಒಳಗೆ ಹೋಗಬೇಕಾದದ್ದು ಬಲಗೈ ಒಂದೇ. ಎರಡೂ ಕೈ ಹಾಕಿದರೆ ಕರೆಂಟು ಎದೆ ದಾಟಿ ಹೋಗುತ್ತದೆ ಎಂದು ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿ ಕಲಿತಿದ್ದರು. ಅಭ್ಯಾಸ ಎಷ್ಟು ಬಲವಾಗಿತ್ತೆಂದರೆ ತರಕಾರಿ ಭಯ್ಯಾನ ಗಾಡಿಯ ಮುಂದೆಯೂ ಒಂದೇ ಕೈಯಲ್ಲಿ ಟೊಮೆಟೊ ಆರಿಸುತ್ತಿದ್ದರು. ಆ ಜೇಬಿನ ಅಂಚು ಸವೆದು ದಾರ ಬಿಟ್ಟಿತ್ತು.

ಅವರ ಬಗ್ಗೆ ಬರೆಯುವ ಹಕ್ಕು ನನಗಿದೆಯೇ ಎಂಬುದೇ ಅನುಮಾನ. ಆದರೂ ಬರೆಯುತ್ತೇನೆ.

ಕೊಡಗಿನವರು. ಸುಬೇದಾರರಾಗಿ ನಿವೃತ್ತರಾದ ಮೇಲೆ ಘಾಜಿಯಾಬಾದಿನ ಒಂದು ಫ್ಲಾಟಿನಲ್ಲಿ ಹೆಂಡತಿಯೊಂದಿಗೆ ನೆಲೆಸಿ, ಬಾಲ್ಕನಿಯಲ್ಲಿ ಗಿಟಾರಿನ ಹಳೆಯ ಆಂಪ್ಲಿಫೈಯರುಗಳನ್ನು ದುರಸ್ತಿ ಮಾಡುತ್ತಿದ್ದರು. ನಾನು ಆಗ ದೆಹಲಿಯಲ್ಲಿ ಎಂ.ಎ. ವಿದ್ಯಾರ್ಥಿ, ಓದಿಗಿಂತ ಗಿಟಾರಿನ ಹುಚ್ಚೇ ಹೆಚ್ಚು. ಸೆಕೆಂಡ್ ಹ್ಯಾಂಡ್ ಆಂಪ್ಲಿಫೈಯರ್ ಒಂದನ್ನು ಆಟೋದಲ್ಲಿ ಹೇರಿಕೊಂಡು ಅವರಲ್ಲಿಗೆ ಹೋದೆ. ಅದರ ರಿವರ್ಬ್ ಸತ್ತಿತ್ತು. ರಿವರ್ಬ್ ಎಂದರೆ ಮೊಳದುದ್ದದ ತಗಡಿನ ಪೆಟ್ಟಿಗೆ, ಒಳಗೆ ಎರಡೋ ಮೂರೋ ಸಣ್ಣ ಸ್ಪ್ರಿಂಗು. ನಾದ ಒಂದು ತುದಿಯಲ್ಲಿ ಹೊಕ್ಕು, ಸ್ಪ್ರಿಂಗಿನಲ್ಲಿ ನಡುಗುತ್ತ ಇನ್ನೊಂದು ತುದಿಗೆ ಬರುವಷ್ಟರಲ್ಲಿ ಅದಕ್ಕೊಂದು ಪ್ರತಿಧ್ವನಿ ಅಂಟಿಕೊಂಡಿರುತ್ತದೆ.

ಯಾವ ಪೆಟ್ಟಿಗೆ ಹಾಕಿಸಲಿ ಎಂದು ಕೇಳಿದೆ. ಅವರು ನನ್ನನ್ನು ಮನೆಯೆಲ್ಲ ಸುತ್ತಾಡಿಸಿದರು. ಮೊದಲು ಬಚ್ಚಲಲ್ಲಿ ನಿಂತು ಚಪ್ಪಾಳೆ ತಟ್ಟಿದರು, ಆಮೇಲೆ ಮೆಟ್ಟಿಲ ಮೇಲೆ, ಕೊನೆಗೆ ತಾರಸಿಯ ಖಾಲಿ ಸಿಮೆಂಟ್ ಟ್ಯಾಂಕಿನೊಳಗೆ ಬಗ್ಗಿ. ಎಲ್ಲ ಗಿರಾಕಿಗಳಿಗೂ ಇದೇ ಪರೀಕ್ಷೆಯಂತೆ.

"ಮೂರರಲ್ಲಿ ಯಾವ ಸದ್ದು ಬೇಕು?"

"ಟ್ಯಾಂಕಿಂದು, ಅಂಕಲ್."

"ಇಂಗು ಒಗ್ಗರಣೆಗೆ ಮಾರಾಯ, ಇಂಗಿಂದೇ ಸಾರು ಮಾಡ್ತಾರಾ? ನಿಂಗೆ ಮೆಟ್ಟಿಲು ಸಾಕು."

ಮೆಟ್ಟಿಲಿನ ಸದ್ದೇ ಸರಿಯಾಗಿತ್ತು. ಅಲ್ಲಿಂದ ಪ್ರತಿ ಭಾನುವಾರ ಹೋಗತೊಡಗಿದೆ. ಅವರು ಪೆಟ್ಟಿಗೆ ಬದಲಿಸುತ್ತಿದ್ದರು, ನಾನು ನುಡಿಸುತ್ತಿದ್ದೆ. ಪ್ರತಿ ಸಲವೂ "ಹೇಗಿದೆ? ನಿಜ ಹೇಳು" ಎನ್ನುತ್ತಿದ್ದರು. ನಾನು ಹೇಳಿದಂತೆ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಎರಡನೆಯ ವರ್ಷದ ಹೊತ್ತಿಗೆ ಬಾಗಿಲ ಗಂಟೆಗೆ ಅವರು ಏಳುವುದು ನಿಂತಿತು. ಒಮ್ಮೆ ತಮಾಷೆಗೆಂಬಂತೆ, "ಕಿವಿ ಹೋದ ದಿನ ನಾನೂ ಗುಜರಿಗೆ" ಎಂದಿದ್ದರು. ನನಗೆ ನಗು ಬಂದಿರಲಿಲ್ಲ.

ಆ ಡಿಸೆಂಬರಿನಲ್ಲಿ ಮಾನೇಸರಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಆಂಪ್ಲಿಫೈಯರ್ ತಂದುಕೊಟ್ಟ. ಕ್ರಿಸ್ಮಸ್ಸಿಗೆ ಚರ್ಚಿನಲ್ಲಿ ನುಡಿಸಬೇಕಿತ್ತು. ಮೇಜಿನ ಮೇಲೆ ನೋಡಲು ಒಂದೇ ಥರದ ಎರಡು ಪೆಟ್ಟಿಗೆಗಳಿದ್ದವು. ಚೀಟಿಯ ಮೇಲಿನ ನಂಬರು ಅಳಿಸಿಹೋಗಿತ್ತು. ಆಂಪ್ಲಿಫೈಯರಿಗೆ ಹೊಂದದ ಪೆಟ್ಟಿಗೆ ಹಾಕಿದರೆ ಪ್ರತಿಧ್ವನಿ ಹುಟ್ಟುವುದೇ ಇಲ್ಲ. ಅವರು ಒಂದನ್ನು ಜೋಡಿಸಿದರು. ನಾನು ತಂತಿ ಮೀಟಿದೆ. ನಾದದ ಹಿಂದೆ, ಡಬ್ಬಿಯೊಳಗೆ ಸೊಳ್ಳೆ ಸಿಕ್ಕಿಕೊಂಡಂತೆ ಏನೋ ಕುಂಯ್‌ಗುಟ್ಟಿತು, ಅಷ್ಟೆ.

ಅವರ ಮುಖದಲ್ಲಿ ಆಗಲೇ ಗೆದ್ದ ಖುಷಿಯಿತ್ತು. ಕಾಫಿ ತಂದ ಹೆಂಡತಿಯ ಕಡೆಗೂ ನೋಡಿ ನಕ್ಕರು. ಆದರೂ ಪೆಟ್ಟಿಗೆ ಹೊಂದುತ್ತದೆಯೇ ಎಂದು ಮೀಟರಿನಲ್ಲಿ ಒಮ್ಮೆ ಅಳೆಯೋಣವೆಂದು ಅದಕ್ಕೆ ಕೈ ಚಾಚುತ್ತ ಕೇಳಿದರು.

"ಹೇಗಿದೆ? ನಿಜ ಹೇಳು."

"ಫಸ್ಟ್ ಕ್ಲಾಸ್, ಅಂಕಲ್."

ಚಾಚಿದ ಕೈ ಹಿಂದಕ್ಕೆ ಬಂತು. ಮೀಟರ್ ಇದ್ದಲ್ಲೇ ಉಳಿಯಿತು. ಸ್ಕ್ರೂ ಬಿಗಿದರು. ನಾನು ಕಾಫಿ ಕುಡಿದೆ. ಒಳ್ಳೆಯ ಕೆಲಸ ಮಾಡಿದೆ ಎಂದೇ ಅಂದುಕೊಂಡಿದ್ದೆ, ಮೂರ್ಖ.

ಕ್ರಿಸ್ಮಸ್ ಮುಗಿದ ಭಾನುವಾರ ಆತ ಮರಳಿ ಬಂದು ಕೂಗಿದ: "ಅಂಕಲ್, ಇಸ್ ಮೇಂ ತೋ ಗೂಂಜ್ ಹೀ ನಹೀಂ ಹೈ! ಪೂರಾ ಚರ್ಚ್ ಸುನ್ ರಹಾ ಥಾ." ಪ್ರತಿಧ್ವನಿಯೇ ಇಲ್ಲ, ಇಡೀ ಚರ್ಚಿನ ಮುಂದೆ ಮಾನ ಹೋಯಿತು ಎಂಬ ಗೋಳು. ಸುಬೇದಾರರು ಬಿಚ್ಚಿ, ಮೀಟರ್ ಹಿಡಿದು ನೋಡಿ, ಇನ್ನೊಂದು ಪೆಟ್ಟಿಗೆ ಹಾಕಿಕೊಟ್ಟರು. ಆತ ಹೋದ ಮೇಲೆ ನನ್ನ ಕಡೆ ತಿರುಗಿದರು.

"ಆರು ತಿಂಗಳಿಂದ ನಂಗೆ ಈ ಸದ್ದು ಕೇಳ್ತಾ ಇಲ್ಲ. ನಿನ್ನ ಕಿವಿ ಇದೆಯಲ್ಲ ಅಂತ ಕೆಲಸ ನಡೆಸ್ತಾ ಇದ್ದೆ. ನೀನು ಕನಿಕರ ಮಾಡ್ಬಿಟ್ಟೆ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಮುಂದಿನ ವಾರ ಹೋದಾಗ ಬಾಲ್ಕನಿಯಲ್ಲಿ ಬಟ್ಟೆ ಒಣಗುತ್ತಿತ್ತು. ಉಪಕರಣಗಳೆಲ್ಲ ಟ್ರಂಕು ಸೇರಿದ್ದವು. "ಬಾ ಬಾ, ಕಾಫಿ ಕುಡಿ" ಎಂದು ಕೂರಿಸಿ, ಊರಿನ ಚಳಿ, ಇಲ್ಲಿಯ ಚಳಿ ಎಂದು ಏನೇನೋ ಮಾತಾಡಿದರು. ಅವರು ಕಿಟಕಿಯ ಕಡೆ ನೋಡುತ್ತಿದ್ದಾಗ "ತಪ್ಪಾಯ್ತು ಅಂಕಲ್" ಎಂದೆ. ಅವರು ತಿರುಗಲಿಲ್ಲ. ಅಡುಗೆಮನೆಯಲ್ಲಿ ಅವರ ಹೆಂಡತಿ ಇದ್ದರು. ಕೂಗಿ ಹೇಳಲು ನಾಚಿಕೆಯಾಯಿತು. ಮತ್ತೆ ಹೋಗಲಿಲ್ಲ.

ಹೋಳಿ ಹಬ್ಬಕ್ಕೆ ಮೊದಲೇ ತೀರಿಕೊಂಡರು. ಹೃದಯದ ತೊಂದರೆ ಎಂದರು. ಎಷ್ಟೋ ವರ್ಷ, ತಪ್ಪಾಯ್ತು ಎಂದ ಆ ಮಾತು ಅವರಿಗೆ ಕೇಳಿಸಿರಬಹುದೇ ಎಂದು ಯೋಚಿಸುತ್ತಿದ್ದೆ. ಈಗ ಯೋಚಿಸುವುದಿಲ್ಲ. ಕೇಳಿಸಬಾರದು ಎಂದೇ ನಾನು ಅಷ್ಟು ಮೆಲ್ಲಗೆ ಹೇಳಿದ್ದೆ.