ಅತ್ತೆಯ ಹಲ್ಲು, ಅಳಿಯನ ಡಬ್ಬಿ

ನಮ್ಮ ಬೀದಿಯಲ್ಲೊಬ್ಬ ಮನುಷ್ಯ ತನ್ನ ಅತ್ತೆಯ ಹಲ್ಲುಸೆಟ್ಟನ್ನು ಒಂದು ಇಡೀ ಭಾನುವಾರ ಸೆರೆಯಲ್ಲಿಟ್ಟಿದ್ದ. ಕಳ್ಳತನಕ್ಕೆ ಕಾನೂನಿದೆ, ಇದಕ್ಕಿಲ್ಲ. ಅದಕ್ಕೇ ಬರೆಯಬೇಕಾಗಿದೆ.

ಬೀದಿ ಅವನಿಗಿಟ್ಟ ಹೆಸರು ತಿರುಚಪ್ಪ. ಬಾಟಲಿ ಮುಚ್ಚಳದ ಕಾರ್ಖಾನೆಯಲ್ಲಿ ಅಚ್ಚು ಕೊರೆಯುವುದು ಅವನ ಕೆಲಸ. ಒತ್ತಿದರೂ ತಿರುಗಿಸಿದರೂ ತೆರೆಯದೆ, ಕೊನೆಗೆ ಬಾಗಿಲ ಸಂದಿಗೆ ಸಿಕ್ಕಿಸಿ ಒಡೆಯಬೇಕಾದ ಔಷಧಿ ಬಾಟಲಿ ನಿಮ್ಮ ಮನೆಯಲ್ಲಿದ್ದರೆ, ಅದು ಇಂಥವರದೇ ಕೈವಾಡ. ದಿನವಿಡೀ ಜನರ ಮಣಿಕಟ್ಟು ಮುರಿಯುವ ಕೆಲಸ ಮಾಡಿ ಬಂದವನು ಮನೆಯಲ್ಲಾದರೂ ಸುಮ್ಮನಿರಬೇಕಲ್ಲ? ಊಟದ ಮೇಜಿನ ಅರ್ಧವನ್ನು ಆಕ್ರಮಿಸಿಕೊಂಡು, ತಿರುಗಿಸಿ ತಿರುಗಿಸಿ ಬಣ್ಣ ಹೊಂದಿಸುವ ಆಟದ ಕ್ಯೂಬುಗಳನ್ನು, ಅಂದರೆ ಘನಗಳನ್ನು, ಹೊಸ ಹೊಸ ಬಗೆಯಲ್ಲಿ ಮಾಡುತ್ತಾ ಕೂರುತ್ತಾನೆ. ತಟ್ಟೆಯಲ್ಲಿ ಸ್ಪ್ರಿಂಗ್ ಸಿಕ್ಕರೆ ಆ ಮನೆಯಲ್ಲಿ ಯಾರೂ ಬೆಚ್ಚುವುದಿಲ್ಲ. ತೊಳೆದು ಅವನ ಕಡೆ ತಳ್ಳುತ್ತಾರೆ, ಅಷ್ಟೆ.

ಅವನ ಅತ್ತೆ, ಅಂದರೆ ಹೆಂಡತಿಯ ತಾಯಿ, ನಿವೃತ್ತ ಬಸ್ ಕಂಡಕ್ಟರ್. ಅವರು ಹಲ್ಲುಸೆಟ್ಟನ್ನು ಕಂಡಕಂಡಲ್ಲಿ ಮರೆಯುತ್ತಿದ್ದರು: ಟೀವಿಯ ಮೇಲೆ, ದಿಂಬಿನ ಕೆಳಗೆ, ಒಮ್ಮೆ ಅಳಿಯನ ಅಂಗಿಯ ಜೇಬಿನಲ್ಲಿ. ಜೇಬಿಗೆ ಕೈ ಹಾಕಿ ಕಚ್ಚಿಸಿಕೊಂಡಂತೆ ಕಿರುಚಿದ ಅಳಿಯ ಅಂದೇ ಹಲ್ಲಿಗೊಂದು ಡಬ್ಬಿ ಮಾಡಲು ಕೂತ. ಮಾಮೂಲಿ ಡಬ್ಬಿ ಸಾಲದೆ? ಸಾಲದು! ಒಳಗೆ ಟೊಳ್ಳಾದ ಘನ. ಆರೂ ಮುಖಗಳ ಬಣ್ಣ ಹೊಂದಿದರಷ್ಟೇ ಕೊಂಡಿ ಬಿಟ್ಟು ಮುಚ್ಚಳ ತೆರೆಯುತ್ತದೆ. ಹೆಂಡತಿ ಒಂದು ತುಂಡನ್ನು ಚಮಚದಿಂದ ಮೀಟಿ ತೆಗೆದಾಗ "ಮೋಸ!" ಎಂದು ಕೂಗಾಡಿ, ಬಣ್ಣ ಹೊಂದದೆ ಒಂದು ಚೂರೂ ಹೊರಬರದಂತೆ ತಿದ್ದಿದ. ಅಲ್ಲಿಂದಾಚೆಗೆ ಬಣ್ಣ ಹೊಂದದಿದ್ದರೆ ಒಡೆಯುವುದೊಂದೇ ದಾರಿ.

ಅತ್ತೆ ಬೈದುಕೊಂಡೇ ಕಲಿತರು. ಹಾಲು ಉಕ್ಕುವಷ್ಟರಲ್ಲಿ ಡಬ್ಬಿ ಬಿಡಿಸಿ, ಹಲ್ಲು ಹಾಕಿಕೊಂಡು, "ಒಲೆ ಆರ್ಸೇ!" ಎಂದು ಮಗಳಿಗೆ ಕೂಗುತ್ತಿದ್ದರು.

ಆ ಭಾನುವಾರ ಬೆಳಿಗ್ಗೆ ಡಬ್ಬಿ ಕಿರುಗುಟ್ಟುತ್ತಿದೆಯೆಂದು ತಿರುಚಪ್ಪ ಅದನ್ನು ಪೂರ್ತಿ ಬಿಚ್ಚಿ ಗ್ರೀಸ್ ಹಚ್ಚಿದ. ಇಂಥ ಘನವನ್ನು ಮರುಜೋಡಿಸುವಾಗ ಮೊದಲು ಬಣ್ಣ ಹೊಂದಿಸಿಯೇ ಕೂರಿಸಬೇಕು, ಕಲಸುವುದು ಆಮೇಲೆ. ಸಿಕ್ಕಸಿಕ್ಕಂತೆ ತುಂಬಿದರೆ ಬಹುತೇಕ ಸಲ ಅದನ್ನು ಯಾರು ಎಷ್ಟು ತಿರುಗಿಸಿದರೂ ಬಣ್ಣ ಹೊಂದುವುದೇ ಇಲ್ಲ. ಈ ಪಾಠವನ್ನು ಹಾಲಿನವನಿಗೂ ಬಿಡದೆ ಕೊರೆದವನು ಇವನೇ. ಆದರೆ ಅಂದು "ಹೇಗೂ ಕಲಸೋದೇ ತಾನೆ" ಎಂದು, ಅತ್ತೆ ತೊಳೆದಿಟ್ಟ ಹಲ್ಲನ್ನು ಒಳಗಿಟ್ಟು, ತುಂಡುಗಳನ್ನು ಕೈಗೆ ಬಂದಂತೆ ತುರುಕಿದ. ಕೊನೆಯ ತುಂಡು ಟಕ್ಕೆಂದಿತು.

ಸಂಜೆ ಐದಕ್ಕೆ ವಾಚನಾಲಯದಲ್ಲಿ ಸಭೆ. ಬೀದಿಯ ಬಸ್ ನಿಲ್ದಾಣವನ್ನು ಮೇಲ್ಸೇತುವೆಯ ಆಚೆಗೆ ಎತ್ತಿಹಾಕುವವರಿದ್ದರು. ಮಂಡಿ ನೋವಿನವರು, ಬಸುರಿಯರು ಹಾರಿಕೊಂಡು ಹೋಗಬೇಕೇನೋ! ಸಾರಿಗೆ ಕಚೇರಿಯ ಸಾಹೇಬರೆದುರು ಬೀದಿಯ ಪರವಾಗಿ ಮಾತಾಡಬೇಕಾದವರು ಅತ್ತೆ. ಮಧ್ಯಾಹ್ನದಿಂದ ತಿರುಗಿಸುತ್ತಾ ಕೂತರು. ಎಲ್ಲಾ ಹೊಂದಿತು, ಒಂದೇ ಒಂದು ಮೂಲೆ ಮಾತ್ರ ಮುಖ ತಿರುವಿಕೊಂಡು ನಿಂತಿತು. ಮತ್ತೆ ಬಿಡಿಸಿದರು. ಮತ್ತೆ ಅದೇ ಮೂಲೆ.

"ಅಳಿಯಂದ್ರೇ, ಏನೋ ಎಡವಟ್ಟು ಮಾಡಿದೀರಿ."

ತಿರುಚಪ್ಪ ಇಣುಕಿದ. ನೋಡಿದ ಕೂಡಲೇ ತಿಳಿಯಿತು, ಕಿವಿ ಕೆಂಪಾಯಿತು. ಆದರೂ ಹೇಳಿದ್ದೇನು ಗೊತ್ತೆ?

"ವಯಸ್ಸಾಯ್ತಲ್ಲ ಅತ್ತೆ, ಎಲ್ಲೋ ಒಂದು ತಿರುವು ಮರ್ತಿರ್ತೀರಿ."

ನನ್ನ ಸಿಟ್ಟು ಇರುವುದು ಈ ಒಂದು ಮಾತಿನ ಮೇಲೆ. ತೆರೆಯದ ಮುಚ್ಚಳ ಮಾಡಿದವನಿಗೆ ತಪ್ಪಿಲ್ಲ, ತೆರೆಯಲಾಗದ ಕೈಗೇ ತಪ್ಪು! ಅತ್ತೆ ತಮ್ಮ ಬೆರಳುಗಳನ್ನೇ ಒಮ್ಮೆ ನೋಡಿಕೊಂಡರು.

"ರೀ, ಒಡೆದುಬಿಡಿ," ಎಂದಳು ಹೆಂಡತಿ.

"ಒಡೆಯೋದಾ? ಎರಡು ವರ್ಷದ ಕೆಲಸ ಕಣೇ ಇದು!"

"ಅಮ್ಮನ ಹಲ್ಲು ಕಣ್ರೀ ಅದು!"

ಐದಾಯಿತು. ಅತ್ತೆ ಬೊಚ್ಚು ಬಾಯಲ್ಲೇ ಡಬ್ಬಿ ಹಿಡಿದು ಸಭೆಗೆ ಬಂದರು, ಹಿಂದೆಯೇ ತಿರುಚಪ್ಪ. ಸಾಹೇಬರು ಬಿಸ್ಕತ್ತನ್ನು ಚಹಾಕ್ಕೆ ಅದ್ದುತ್ತಿದ್ದರು. ಅತ್ತೆ ಎದ್ದು ನಿಂತರು.

"ಫ್ವಾಮಿ, ನಮ್ಮ ಬಫ್ಫು ನಿಲ್ದಾಣ..."

ಹಿಂದಿನ ಸಾಲು ಕಿಸಕ್ಕೆಂದಿತು. ಸಾಹೇಬರು ಕರವಸ್ತ್ರದಲ್ಲಿ ನಗು ಒರೆಸಿಕೊಂಡರು. ತುಂಬಿದ ಬಸ್ಸನ್ನು ಒಂದು ಗದರಿಕೆಗೆ ಹಿಂದಕ್ಕೆ ಸರಿಸುತ್ತಿದ್ದ ಹೆಂಗಸು ಮೆಲ್ಲಗೆ ಕೂತುಬಿಟ್ಟರು. "ಬಿಡಿ. ವಯಫ್ಫಾಯ್ತು ನಂಗೆ."

ತಿರುಚಪ್ಪನಿಗೆ ಅದು ಎಲ್ಲಿ ತಾಗಿತೋ ಗೊತ್ತಿಲ್ಲ. ಧಡಕ್ಕನೆ ಎದ್ದ, ಡಬ್ಬಿ ಕಸಿದು ನೆಲದ ಮೇಲಿಟ್ಟ, ವಾಚನಾಲಯದ ಕಬ್ಬಿಣದ ಸ್ಟೂಲೆತ್ತಿ ಅದರ ಮೇಲೆ ಕುಕ್ಕಿದ. ತುಂಡುಗಳು ಕೋಣೆ ತುಂಬಾ ಚಿಮ್ಮಿದವು. ಸ್ಪ್ರಿಂಗೊಂದು ಪತ್ರಿಕೆಗಳ ಕಪಾಟು ಸೇರಿತು. ಹಲ್ಲುಸೆಟ್ಟು ಹಾರಿ ಸಾಹೇಬರ ಚಹಾದಲ್ಲಿ ಬಿದ್ದು, ಕಪ್ಪಿನಂಚಿನ ಮೇಲೆ ನಗುತ್ತಾ ನಿಂತಿತು.

"ನಾನೇ ತಪ್ಪು ಜೋಡ್ಸಿದ್ದು!" ತಿರುಚಪ್ಪ ಸಭೆಗೆಲ್ಲ ಕೇಳುವಂತೆ ಕೂಗಿದ. "ಆ ಮೂಲೆ ಯಾರು ತಿರುಗ್ಸಿದ್ರೂ ಬರ್ತಿರ್ಲಿಲ್ಲ. ಮಧ್ಯಾಹ್ನಾನೇ ಗೊತ್ತಿತ್ತು ನಂಗೆ. ಅತ್ತೆ ಕೈ ಸರಿಯಾಗೇ ಇದೆ."

ಅತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕಪ್ಪಿನಿಂದ ಹಲ್ಲು ತೆಗೆದು, ನಲ್ಲಿಯಲ್ಲಿ ತೊಳೆದು, ಹಾಕಿಕೊಂಡು ಬಂದರು.

"ಸಾಹೇಬ್ರೇ, ಕಪ್ಪು ಕೆಳಗಿಡಿ. ಈಗ ಟಿಕೆಟ್ ತಗೊಳ್ಳಿ."

ಮುಂದಿನದನ್ನು ಬರೆಯಲು ಜಾಗ ಸಾಲದು. ನಿಲ್ದಾಣ ಇದ್ದಲ್ಲೇ ಇದೆ.

ತಿರುಚಪ್ಪ ಈಗ ಹೊಸ ಡಬ್ಬಿ ಮಾಡುತ್ತಿದ್ದಾನೆ. ಬುದ್ಧಿ ಬಂದಿದೆಯೆಂದು ಯಾರೂ ಹೇಳಲಿಲ್ಲ. ಆದರೆ ಜೋಡಿಸುವಾಗ ಅತ್ತೆ ಎದುರು ಕುರ್ಚಿಯಲ್ಲಿ ಕೂರುತ್ತಾರೆ.

"ಆ ಮೂಲೆ ತೋರ್ಸಿ. ಇನ್ನೊಂದು ಸಲ. ಹ್ಞೂಂ, ರೈಟ್ ರೈಟ್!"

ಆಮೇಲಷ್ಟೇ ಕೊನೆಯ ತುಂಡು ಟಕ್ಕೆನ್ನುತ್ತದೆ.